ಅತ್ತಿಗೆ ಬಿಚ್ಚದ ಕ್ಯಾಸೆಟ್

ನಮ್ಮ ಅತ್ತಿಗೆಯನ್ನ ಬೀದಿಯವರೆಲ್ಲ ಡಾಕ್ಟರಮ್ಮ ಅಂತಾರೆ. ಆ ಹೆಸರಿಟ್ಟವಳು ನಾನೇ. ಅಂಗಡಿಯ ಮುಂದಿನ ಅರ್ಧದಲ್ಲಿ ನನ್ನ ಜೆರಾಕ್ಸ್ ಮಿಷನ್ನು, ಹಿಂದಿನ ಅರ್ಧದಲ್ಲಿ ಅವಳ ಮೇಜು. ಇಡೀ ದಿನ ಅವಳ ಬೆನ್ನು ನೋಡಿಕೊಂಡು ಕೂರೋ ನಾದಿನಿಗೆ ಇಷ್ಟಾದರೂ ಹಕ್ಕು ಬೇಡವಾ?

ನಮ್ಮಣ್ಣ ಒಂದು ಕಾಲದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟು ಕೈ ಸುಟ್ಟುಕೊಂಡವನು. ಅಂಗಡಿ ಮುಚ್ಚಿ ಅವನು ಬಸ್ ಓಡಿಸೋಕೆ ಹೋದ. ಟಿವಿಗೆ ಜೋಡಿಸಿ ಆಡುತ್ತಿದ್ದ, ಅಂಗೈಯಗಲದ ಪ್ಲಾಸ್ಟಿಕ್ ಕ್ಯಾಸೆಟ್ಟುಗಳು ಮಾತ್ರ ಮೂಟೆಗಟ್ಟಲೆ ಮನೆಯಲ್ಲೇ ಉಳಿದವು. ಗುಜರಿಗೆ ಹಾಕಿ ಅಂತ ನಾನು ಬಾಯಿ ಬಡಿದುಕೊಂಡೆ. ಅತ್ತಿಗೆ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ದಿನ ಕಂಪ್ಯೂಟರಿನ ಪುಟ್ಟ ಡಿಸ್ಕೊಂದನ್ನ, ಒಳಗಿನದ್ದೆಲ್ಲ ತೆಗೆದು ಖಾಲಿ ಮಾಡಿದ ಕ್ಯಾಸೆಟ್ಟಿನೊಳಗೆ ಇಟ್ಟು ನೋಡಿದಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅಲ್ಲಿಂದ ಅದೇ ಅವಳ ಕಸುಬಾಯಿತು. ಚಿಕ್ಕಂದಿನಲ್ಲಿ ಆಡಿದ ಕ್ಯಾಸೆಟ್ ತಂದು, ಅದರೊಳಗೆ ಡಿಸ್ಕ್ ಹಾಕಿಸಿ, ಫೋಟೋ ತುಂಬಿಕೊಂಡು ಹೋಗೋ ಹುಚ್ಚರಿಗೇನು ಬರವೇ?

ಆ ಕ್ಯಾಸೆಟ್ಟಿನ ಸ್ಕ್ರೂಗೆ ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯೋದಿಲ್ಲ. ಅತ್ತಿಗೆ ಹಳೇ ಪೆನ್ನಿನ ತುದಿಯನ್ನ ಲೈಟರಿನಲ್ಲಿ ಕರಗಿಸಿ, ಸ್ಕ್ರೂ ಮೇಲೆ ಒತ್ತಿ ಹಿಡಿದು, ಆರಿದ ಮೇಲೆ ಆ ಪೆನ್ನನ್ನೇ ತಿರುಗಿಸಿ ಬಿಚ್ಚುತ್ತಾಳೆ. ಆದರೆ ಬಿಚ್ಚೋ ಮೊದಲು ಮೂಲೆಯ ಹಳೇ ಟಿವಿಗೆ ಹಾಕಿ ನೋಡಲೇಬೇಕು. ಆಟ ಬಂತೋ, ಕ್ಯಾಸೆಟ್ ವಾಪಸ್. ಕೆಟ್ಟದ್ದನ್ನ ಮಾತ್ರ ಖಾಲಿ ಮಾಡೋದು. ಜೀವ ಇರೋದಕ್ಕೆ ಕತ್ತರಿ ಹಾಕಲ್ಲ ಅಂತಾಳೆ. ನಾನು ಡಾಕ್ಟರಮ್ಮ ಅಂದಿದ್ದು ಅದಕ್ಕೇ.

ಹೋದ ವರ್ಷ ಒಂದು ರಜೆಯ ದಿನ ಹಿಂದಿನ ಬೀದಿಯ ಟೀಚರಮ್ಮ ಬಂದರು. ಅವರ ಒಬ್ಬಳೇ ಮಗಳು ಕಾಯಿಲೆ ಬಿದ್ದು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಗಳ ಫೋಟೋ, ವಿಡಿಯೋ ಎಲ್ಲ ಡಿಸ್ಕಿಗೆ ಹಾಕಿ, ಅವಳು ಆಡುತ್ತಿದ್ದ ಕ್ಯಾಸೆಟ್ಟಿನೊಳಗೇ ಇಟ್ಟುಕೊಡಿ ಅಂದರು. ಕ್ಯಾಸೆಟ್ಟಿನ ಮೂಲೆಯಲ್ಲಿ ಮಗು ಕಚ್ಚಿದ ಹಲ್ಲಿನ ಗುರುತಿತ್ತು.

ಅತ್ತಿಗೆ ಟಿವಿಗೆ ಹಾಕಿದಳು. ಆಟ ಬಂತು. ಒಳಗಿರೋ ಬಿಲ್ಲೆ ಬ್ಯಾಟರಿಯಿಂದ, ಆಡಿದವರು ಎಲ್ಲಿಗೆ ಬಿಟ್ಟಿದ್ದರೋ ಅದು ಹಾಗೇ ಉಳಿದಿರುತ್ತೆ, ಖಾಲಿ ಮಾಡಿದರೆ ಎಲ್ಲ ಅಳಿಸಿಹೋಗುತ್ತೆ ಅಂತ ಬಿಡಿಸಿ ಹೇಳಿದಳು. ಅವಳೇ ಇಲ್ಲದ ಮೇಲೆ ಆಟ ಕಟ್ಟಿಕೊಂಡು ಏನು ಮಾಡಲಿ ಅಂದರು ಟೀಚರಮ್ಮ. ಅಷ್ಟರಲ್ಲಿ ಪರದೆ ಮೇಲೆ ಒಂದು ಮಹಡಿ ಮನೆ ಮೂಡಿತು. ಮುಂದೆ ತೋಟ, ತೋಟದ ತುಂಬ ಹೂವು. ಮೇಲಿನ ಕೋಣೆಯ ಕಿಟಕಿಯಲ್ಲಿ ಹಳದಿ ದೀಪ.

ಟೀಚರಮ್ಮ ಕುರ್ಚಿ ಹಿಡಿದುಕೊಂಡೇ ಹೇಳಿದರು. ದಿನಾ ನೀರು ಹಾಕದಿದ್ದರೆ ಆ ತೋಟ ಒಣಗುತ್ತಂತೆ. ಆಸ್ಪತ್ರೆಯಲ್ಲಿ ಮಗಳು ಅತ್ತಿದ್ದೆಲ್ಲ ಅದಕ್ಕೇ. ನಾನು ಹಾಕ್ತೀನಿ ಪುಟ್ಟೀ ಅಂತ ಇವರು ಮಾತು ಕೊಟ್ಟಿದ್ದರು. ಆಟದ ತಲೆಬುಡ ತಿಳಿಯದೆ ಕ್ಯಾಸೆಟ್ ಮುಟ್ಟಲೇ ಇಲ್ಲ. ಕೊನೆಯ ಸಲ ಮನೆಗೆ ಬಂದಾಗ ಮಗಳು ಒಣಗಿದ ತೋಟ ನೋಡಿಯೇ ಮಲಗಿದಳು.

ಹಾಗಾದರೆ ಈಗ ನೀರು ಹಾಕಿದ್ದು ಯಾರು? ಏನನ್ನೂ ನಂಬದ ಬಾಯಿಬಡುಕಿ ನಾನು, ಜೆರಾಕ್ಸ್ ಮಿಷನ್ ಗುರ್ ಅಂದಿದ್ದಕ್ಕೇ ಬೆಚ್ಚಿಬಿದ್ದೆ. ದೀಪ ತಾನಾಗಿ ಹತ್ತುತ್ತಾ ಅಂತ ಪಿಸುಗುಟ್ಟಿದೆ. ಅತ್ತಿಗೆಗೆ ಆ ಆಟ ಚೆನ್ನಾಗಿ ಗೊತ್ತು. ಇಲ್ಲ, ಯಾರಾದರೂ ಮೆಟ್ಟಿಲು ಹತ್ತಿಹೋಗಿ ಹಚ್ಚಬೇಕು ಅಂದಳು.

"ಬಿಚ್ಚಿಬಿಡಿ," ಅಂದರು ಟೀಚರಮ್ಮ. "ಈಗಲೇ ಬಿಚ್ಚಿ. ನನಗೆ ಹೆದರಿಕೆ ಆಗ್ತಿದೆ."

ಆಟ ಬಂದ ಕ್ಯಾಸೆಟ್ಟನ್ನ ಅತ್ತಿಗೆ ಯಾವತ್ತೂ ಬಿಚ್ಚಿದವಳಲ್ಲ. ಆದರೆ ಆ ತಾಯಿಯ ಮುಖ ನೋಡಿ ಅವಳೂ ಸೋತಳು. ಟಿವಿ ಆರಿಸಿ, ಕ್ಯಾಸೆಟ್ ಎಳೆದು, ಪೆನ್ನಿನ ತುದಿ ಕರಗಿಸಿ ಸ್ಕ್ರೂ ಮೇಲೆ ಒತ್ತಿದಳು. ಅದು ಆರಲಿ ಅಂತ ಮೂವರೂ ಕಾಯುತ್ತಿದ್ದಾಗ ಟೀಚರಮ್ಮನ ಗಂಡ ಏದುಸಿರು ಬಿಡುತ್ತ ಒಳಗೆ ಬಂದ. ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ನಿದ್ದೆಯಿಂದ ಎದ್ದು, ಕ್ಯಾಸೆಟ್ ಕಾಣದೆ, ಅಂಗಿ ಗುಂಡಿಯನ್ನೂ ಹಾಕದೆ ಓಡಿ ಬಂದಿದ್ದ. ಬಿಚ್ಚಿಬಿಟ್ಟಿರಾ ಅಂತ ಒಂದೇ ಮಾತು ಕೇಳಿದ.

ಇಲ್ಲ ಅಂದ ಮೇಲೆ ಕುಸಿದು ಕೂತು ಎಲ್ಲ ಹೇಳಿದ. ತೋಟಕ್ಕೆ ನೀರು ಹಾಕುತ್ತಿದ್ದವನು ಇವನೇ. ಹೆಂಡತಿ ಸ್ಕೂಲಿಗೆ ಹೋದ ಮೇಲೆ ದಿನಾ ಹಾಕುತ್ತಿದ್ದ. ಅವಳಿಗೆ ಗೊತ್ತಾದರೆ ಸಂಕಟಪಡುತ್ತಾಳೆ ಅಂತ ಬಾಯಿ ಬಿಟ್ಟಿರಲಿಲ್ಲ. ಅಯ್ಯೋ, ಆ ಗಂಡಸು ಅಳೋದನ್ನ ನೋಡೋಕಾಗಲಿಲ್ಲ ನನಗೆ. ಟೀಚರಮ್ಮನೂ ಅತ್ತರು, ಅಳುತ್ತಲೇ ನಕ್ಕರು. ನನಗೂ ಹೋದ ಜೀವ ಬಂದ ಹಾಗಾಯಿತು.

"ದೀಪಾನೂ ನೀವೇ ಹಚ್ಚಿದ್ದು, ಅಲ್ವಾ?" ಅಂದರು ಕಣ್ಣೊರೆಸಿಕೊಂಡು.

ಗಂಡ ತಲೆಯೆತ್ತಿದ. "ಇಲ್ವಲ್ಲ. ಹಗಲಲ್ಲಿ ಯಾಕೆ ದೀಪ ಅಂತ ನಾನು ದಿನಾ ಆರಿಸ್ತಿದ್ದೆ. ಮಾರನೇ ದಿನ ನೋಡಿದ್ರೆ ಮತ್ತೆ ಉರೀತಿರ್ತಿತ್ತು. ರಾತ್ರಿ ನೀನು ಹಚ್ತೀಯ ಅಂದ್ಕೊಂಡಿದ್ದೆ."

ಬಾಗಿಲಲ್ಲಿ ಗಿರಾಕಿಯೊಬ್ಬ ಜೆರಾಕ್ಸ್‌ಗೆ ಬಂದವನು, ನಮ್ಮ ಮುಖ ನೋಡಿ ಹಾಗೇ ಹೊರಟುಹೋದ. ಅತ್ತಿಗೆಯ ಪೆನ್ನು ಸ್ಕ್ರೂಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಇನ್ನು ತಿರುಗಿಸೋದೊಂದೇ ಬಾಕಿ. ಟೀಚರಮ್ಮ ಮೆಲ್ಲಗೆ ಅವಳ ಕೈ ಹಿಡಿದರು.

"ಬಿಚ್ಚಬೇಡಿ," ಅಂದರು. "ನನ್ನ ಮಗಳಿಗೆ ಕತ್ತಲಲ್ಲಿ ನಿದ್ದೆ ಬರ್ತಿರಲಿಲ್ಲ."

ಡಿಸ್ಕನ್ನ ಅತ್ತಿಗೆ ಬೇರೆ ಕ್ಯಾಸೆಟ್ಟಿಗೆ ಹಾಕಿಕೊಟ್ಟಳು. ಮಗಳದ್ದನ್ನ ಗಂಡ ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ದ. ಅವತ್ತಿನಿಂದ ಅಂಗಡಿ ಮುಚ್ಚುವಾಗ ಅತ್ತಿಗೆ ತನ್ನ ಮೇಜಿನ ಮೇಲಿನ ಬಲ್ಬ್ ಆರಿಸೋದಿಲ್ಲ. ಕರೆಂಟ್ ಬಿಲ್ಲಿಗೆ ರಂಪ ಮಾಡೋ ನಾನು ಇವತ್ತಿನವರೆಗೂ ಯಾಕೆ ಅಂತ ಕೇಳಿಲ್ಲ.