ಮಾಲಕ ಬಾರದ ಪಂಚಾಯ್ತಿ

ಮೊನ್ನೆ ಮೊಮ್ಮಗ ಹೊಸ ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟ. ತೊಗಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮುಚ್ಚಿಕೊಂಡೆ. "ಒಯ್ಯಪಾ, ಮದ್ಲ ಹೊರಗ ಇಡು" ಎಂದು ಗದರಿಸಿದೆ. ಅವನಿಗೇನು ಗೊತ್ತು, ಪಾಪ… ನನಗೆ ನೆನಪಾದವಳು ನಾನು ಅತ್ತಿ ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ.

ನಾನು ಮದುವೆಯಾಗಿ ಕುಷ್ಟಗಿ ಕಡೆಯ ಆ ಹಳ್ಳಿಗೆ ಹೋದಾಗ ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಸಿಪಾಯಿಗಳ ಬೂಟಿಗೆಂದು ನಮ್ಮ ಹಳ್ಳದ ಮೇಲ್ಭಾಗದಲ್ಲಿ ತೊಗಲು ಹದ ಮಾಡುವ ಕಾರ್ಖಾನೆ ಎದ್ದಿತ್ತು. ಮಾಲಕ ಇರುವುದು ಹೈದರಾಬಾದಿನಲ್ಲಿ. ಇಲ್ಲಿ ಮ್ಯಾನೇಜರನದೇ ಕಾರುಬಾರು. ಸುಣ್ಣದ ನೀರು, ಕೊಳೆತ ನೀರು ಎಲ್ಲ ಹಳ್ಳಕ್ಕೇ. ನಾವು ಕುಡಿಯುತ್ತಿದ್ದದ್ದು ಅದೇ ಹಳ್ಳದ ಉಸುಕು ತೋಡಿ ತೆಗೆದ ಒರತೆಯ ನೀರು. ಬೇರೆ ನೀರು ಎಲ್ಲಿತ್ತು? ಒರತೆ ತೋಡುವುದನ್ನು ನನಗೆ ಕಲಿಸಿದವಳೇ ಅತ್ತಿ. ಬಾಯಿ ಭಾಳ ಜೋರು, ಮನಸ್ಸು ಬೆಣ್ಣೆ.

ಅವಳ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆ ನೀರು ಕುಡಿದು ವಾಂತಿಭೇದಿಯಾಗಿ, ಹೊಟ್ಟೆಯಲ್ಲಿನ ಕೂಸಿನೊಂದಿಗೆ ಹೋಗಿಬಿಟ್ಟಳು. ಊರ ದನಗಳೂ ಸತ್ತವು. ಅತ್ತಿ ಕಣ್ಣೊರೆಸಿಕೊಂಡು ನೇರ ಚಾವಡಿಗೆ ಹೋದಳು.

"ಆ ನೀರು ಬಿಟ್ಟಾಂವ ಯಾಂವ? ಅಂವ ಬರ್ಲಿ. ನನ್ನ ಮಾರಿ ನೋಡಿ ಹೇಳ್ಲಿ" ಎಂದಳು.

ಹಿರಿಯರು ಹೇಳಿಕಳಿಸಿದರು. ಮಾಲಕ ಬರಲಿಲ್ಲ. ನಮ್ಮೂರಲ್ಲೊಂದು ರೂಢಿಯಿತ್ತು: ಆಪಾದನೆ ಬಂದವರ ಪರವಾಗಿ ಯಾರಾದರೊಬ್ಬರು ಒದ್ದೆ ಬಟ್ಟೆಯಲ್ಲಿ ದ್ಯಾಮವ್ವನ ಗುಡಿಯ ಅರಿಶಿನ ಭಂಡಾರ ಎತ್ತಿ ಆಣೆ ಮಾಡಿದರೆ ಅಲ್ಲಿಗೆ ಮುಗಿಯಿತು. ಮತ್ತೆ ಆ ಮಾತು ತೆಗೆದರೆ ಆಣೆ ಸುಳ್ಳೆಂದಂತೆ. ದೇವಿಯ ಸಿಟ್ಟು ಆಣೆ ಮಾಡಿದವನ ಮನೆಗೇ ತಟ್ಟಲೆಂದಂತೆ. ಅಣ್ಣನಿಗಾಗಿ ತಮ್ಮ ಎತ್ತುತ್ತಿದ್ದ ಊರು ಅದು. ಕಂಪನಿಯ ಪರವಾಗಿ ಕೂಲಿಯವನೂ ಎತ್ತಬಹುದೆಂದು ಹಿರಿಯರು ಒಪ್ಪಿಬಿಟ್ಟರು. ಅಯ್ಯೋ, ಎಂಥ ದಡ್ಡರು ನಾವು!

ಮ್ಯಾನೇಜರ್ ಕಳಿಸಿದ್ದು ಕಾರ್ಖಾನೆಯ ಕಾವಲುಗಾರನನ್ನು. ಅವನು ಅತ್ತಿಯ ಒಡಹುಟ್ಟಿದ ತಮ್ಮ.

"ಕಾರ್ಖಾನಿ ನೀರಿನ್ಯಾಗ ವಿಷ ಇಲ್ಲ" ಎಂದು ಅವನು ಭಂಡಾರ ಎತ್ತಿದ.

"ತಮ್ಮಾ, ಎತ್ತಬೇಕಾದಾಂವ ನೀ ಅಲ್ಲೋ!"

"ಕೆಲಸ ಹೋದ್ರ ಮಕ್ಕಳಿಗೇನು ಹಾಕ್ಲೆವ್ವಾ?" ಎಂದವನು ತಲೆ ಎತ್ತಲೇ ಇಲ್ಲ.

ಮುಂದೆ ಊರೂರು ತಿರುಗಿ ನೋಡುವ ದೌರಾಕ್ಕೆ ಬಂದ ಸರಕಾರಿ ಸಾಹೇಬರ ಎದುರೂ ಅತ್ತಿ ನಿಂತಳು. ನಾನು ಜೊತೆಗಿದ್ದೆ. "ನಿಮ್ಮ ಊರವರೇ ಫೈಸಲಾ ಮಾಡ್ಯಾರಲ್ಲ? ಆ ಆಣಿ ಸುಳ್ಳೇನು? ಸುಳ್ಳಂತ ಹೇಳವಾ, ಮಾಲಕನ್ನ ಕರಸ್ತೀನಿ" ಎಂದರು ಅವರು.

ಅತ್ತಿ ಬಾಯಿ ತೆರೆದಳು. ತಮ್ಮನ ಮಕ್ಕಳು ಅಲ್ಲೇ ಬೇವಿನ ಗಿಡದ ಕೆಳಗೆ ಆಡುತ್ತಿದ್ದವು. ಅವುಗಳನ್ನು ನೋಡಿದಳು.

"ಏನೂ ಇಲ್ರಿ" ಎಂದು ತಿರುಗಿ ನಡೆದುಬಿಟ್ಟಳು.

ಆಮೇಲೆ ಅವಳು ಯಾರೊಂದಿಗೂ ಜಗಳವಾಡಲಿಲ್ಲ. ಅವಳ ಜೋರು ದನಿಯೇ ಇಲ್ಲದ ಓಣಿ ನನಗೆ ಬೇಡವೆನ್ನಿಸುತ್ತಿತ್ತು. ಯುದ್ಧ ಮುಗಿಯಿತು, ಕಾರ್ಖಾನೆ ಮುಚ್ಚಿತು, ಮಗಳ ಕೊರಗಿನಲ್ಲೇ ಅತ್ತಿಯೂ ಹೋದಳು.

ಇಷ್ಟು ವರ್ಷವಾದರೂ ಸಂಜೆ ದೀಪ ಹಚ್ಚುವಾಗ ಆ ಮಾಲಕನಿಗೆ ಶಾಪ ಹಾಕಬೇಕೆನ್ನಿಸುತ್ತದೆ. ಅವನ ಮುಖ ನಾವ್ಯಾರೂ ನೋಡಿದವರಲ್ಲ, ಹೆಸರೂ ಗೊತ್ತಿಲ್ಲ. ಹೆಸರಿಲ್ಲದೆ ಹಾಕಿದ ಶಾಪ ಅವನ ಪರವಾಗಿ ಆಣೆ ಮಾಡಿದ ಆ ಬಡ ಕಾವಲುಗಾರನ ಮನೆಗೇ ಹೋಗಿ ತಟ್ಟಿದರೆ… ಎಂದು ಹೆದರಿ ಸುಮ್ಮನಾಗುತ್ತೇನೆ.