ಬರೆಯದೇ ಬಿಟ್ಟ ಎರಡು ಕುಯ್ಲು

ಅವರ ಬಲಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನ ಹಾಗೆ ದಪ್ಪವಾಗಿ, ಹಳದಿಗಟ್ಟಿ, ಅಂಚಿನಲ್ಲಿ ಸವೆದು ಒಂದು ಸಣ್ಣ ಹಳ್ಳ ಬಿದ್ದಿತ್ತು. ಬದುಕಿಡೀ ಆ ಉಗುರಿನಿಂದಲೇ ಕಾಫಿ ಬೀಜದ ಸಿಪ್ಪೆ ಬಿಡಿಸಿ ನೋಡಿದವರು ಅವರು. ಹಾಸನದ ಕಡೆ ಒಂದು ಕಾಫಿ ಕಾರ್ಖಾನೆಯಲ್ಲಿ, ತೋಟಗಳಿಂದ ಬಂದ ಮೂಟೆಗಳ ಸ್ಯಾಂಪಲ್ ನೋಡಿ ದರ್ಜೆ ಹೇಳುವುದು ಅವರ ಕೆಲಸವಾಗಿತ್ತು. ರಿಟೈರ್ ಆಗಿ ಮಗ್ಗೆ ಹತ್ತಿರ ನಮ್ಮ ನೆರೆಮನೆಗೆ ಬಂದ ಮೇಲೂ ಊರವರಿಗೆ ಅವರು ಸ್ಯಾಂಪಲ್ ಯಜಮಾನರೇ.

ಕುಯ್ಲು ಮುಗಿದರೆ ಸಾಕು, ಅವರ ಜಗಲಿಯಲ್ಲಿ ಜನ. ಪುಕ್ಕಟೆ ನೋಡಿ ಹೇಳುತ್ತಿದ್ದರು. ಮೂಟೆಯ ಬಾಯಲ್ಲಿದ್ದ ಬೀಜವನ್ನು ಮುಟ್ಟುತ್ತಲೇ ಇರಲಿಲ್ಲ. "ಮೇಲಿಂದು ನೀವು ತೋರ್ಸಕ್ಕೆ ಇಟ್ಟಿರದು ಕಣಪ್ಪ, ತಳದ್ದು ಕೊಡಿ" ಎಂದು ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆದು ಬಿಳಿ ತಟ್ಟೆಗೆ ಸುರಿಯುವರು. ಕೆಟ್ಟಿದ್ದರೆ ಮುಖಕ್ಕೆ ಹೊಡೆದ ಹಾಗೆ ಕೆಟ್ಟಿದೆ ಎನ್ನುವರು. ಆಮೇಲೆ ಒಳಗೆ ಕೂಗಿ ಬೆಲ್ಲದ ಕಾಫಿ ತರಿಸಿ ಸಮಾಧಾನ ಮಾಡುವರು.

ನನ್ನ ಮೊಮ್ಮಗಳು ಇಂಜಿನಿಯರಿಂಗ್ ಮುಗಿಸಿದ ವರ್ಷವೇ ನನ್ನ ಮಗ, ಅಂದರೆ ಅವಳಪ್ಪ, ತೋಟದ ಮರದ ಕೊಂಬೆ ಸವರುವಾಗ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಅದು ಸರಿಯಾಗಿ ಕೂಡದೆ ಮಂಚ ಹಿಡಿದ. ಹುಡುಗಿ ಬಂದ ಕೆಲಸ ಬಿಟ್ಟು ಮನೆಯಲ್ಲೇ ನಿಂತಳು. ಎರಡು ಕುಯ್ಲು ಅವಳೇ ನಡೆಸಿದಳು. ಹಗಲೆಲ್ಲ ತೋಟ, ಸಂಜೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ನಿನ ಹತ್ತಿರ ಗಮ್‌ಬೂಟು ಹಾಕಿಕೊಂಡು. ಅದರ ನಡುವೆಯೇ ಓದಿ ಬಿಸಿನೆಸ್ ಸ್ಕೂಲುಗಳ ಪರೀಕ್ಷೆ ಬರೆದಳು. ದೇಶದಲ್ಲೇ ದೊಡ್ಡವು ಎನ್ನುವ ಮೂರು ಸ್ಕೂಲುಗಳಿಂದ ಸಂದರ್ಶನಕ್ಕೆ ಕರೆ ಬಂತು! ಅವತ್ತು ನಾನು ಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಸಂದರ್ಶನಕ್ಕೆ ಮೊದಲು ಮೂರೂ ಕಡೆಗೆ ಒಂದೇ ಥರದ ಫಾರಂ ತುಂಬಿ ಕಳಿಸಬೇಕಿತ್ತು. ಓದು ಮುಗಿದ ಮೇಲೆ ಏನು ಮಾಡಿದಿರಿ ಅಂತ ಅದರಲ್ಲಿ ಕೇಳಿದ್ದರು. "ಪಲ್ಪರ್ ಗಿಲ್ಪರ್ ಅಂತ ಬರೆದೀಯ ಮತ್ತೆ! ಕೆಲ್ಸ ಸಿಗ್ದೆ ಮನೇಲಿ ಬಿದ್ದಿದ್ಲು ಅಂದ್ಕತಾರೆ. ಪರೀಕ್ಷೆಗೆ ಓದ್ತಿದ್ದೆ ಅಂತ ಬರಿ" ಎಂದು ನಾನೇ ಹಟ ಹಿಡಿದೆ. ಹುಡುಗಿ ಗೊಣಗುತ್ತ ಹಾಗೇ ಬರೆದಳು.

ಫಾರಂ ಕಳಿಸುವ ಮುಂಚೆ ಸ್ಯಾಂಪಲ್ ಯಜಮಾನರಿಗೆ ತೋರಿಸೋಣ ಎಂದು ಕರೆದುಕೊಂಡು ಹೋದೆ. ಅವರ ಕಾರ್ಖಾನೆಗೆ ಅಂಥ ಸ್ಕೂಲುಗಳಲ್ಲಿ ಓದಿದ ಹುಡುಗರು ಆಫೀಸರಾಗಿ ಬರುತ್ತಿದ್ದರು. ಅವರಿಗೆ ಕಾಫಿ ನೋಡಲು ಕಲಿಸಿದವರೇ ಇವರು. ಎಂಥವರಿಗೆ ಸೀಟು ಸಿಗುತ್ತದೆ ಎನ್ನುವುದು ಆ ಹುಡುಗರ ಮಾತಿನಿಂದ ಇವರಿಗೆ ಗೊತ್ತಿತ್ತು.

ಕೊನೆಯ ಹಾಳೆಯಿಂದ ಶುರುಮಾಡಿ ಹಿಂದಕ್ಕೆ ಓದಿದರು. ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಅಕ್ಕ, ಈ ಎರಡು ವರ್ಷ ಮಗು ಏನ್ ಮಾಡ್ತಿದ್ಲು?"

"ಓದ್ತಿದ್ಲು ಕಣ್ರೀ."

"ಎರಡು ವರ್ಷಾನೂ?"

"ಹೂಂ."

"ಹಂಗಾದ್ರೆ ಇದು ಹೇಳಿ. ಹೋದ್ಸಲದ ಕುಯ್ಲಲ್ಲಿ ನಿಮ್ಮನೆ ಸ್ಯಾಂಪಲ್ ತುಂಬಾ ಕಟ್ಟಾದ ಬೀಜ. ಪಲ್ಪರ್ ಬಿಗಿಯಾಗಿ ಬೀಜಾನೇ ಕತ್ತರಿಸ್ಬುಟ್ಟಿತ್ತು. ಈ ಸಲ ಹುಡುಕಿದ್ರೂ ಒಂದಿಲ್ಲ. ಹುಳಿ ವಾಸನೇನೂ ಇಲ್ಲ. ನಿಮ್ಮ ಮಗ ನೋಡಿದ್ರೆ ಮಂಚ ಬಿಟ್ಟು ಎದ್ದಿಲ್ಲ. ಸರಿ ಮಾಡಿದ್ಯಾರು, ನೀವಾ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. "ಅಜ್ಜಿ ಪಲ್ಪರ್ ಮನೆ ಬಾಗ್ಲಿಗೂ ಬರಲ್ಲ ತಾತ. ಗಬ್ಬು ಅಂತಾಳೆ."

ಆಮೇಲೆ ಎಲ್ಲವನ್ನೂ ಹೇಳಿದಳು. ಮೊದಲ ವರ್ಷ ಮಿಷನ್ ಬಿಗಿ ಮಾಡಿ ಕೆಡಿಸಿದ್ದು ಅವಳೇ. ತೋಟದ ಆಚೆ ತುದಿಯ ದೂರದ ಪಟ್ಟೆಯಲ್ಲಿ ಕುಯ್ದ ಹಣ್ಣು ಸಂಜೆಗೆ ಬಂದು, ರಾತ್ರಿಯೆಲ್ಲ ಚೀಲದಲ್ಲೇ ಬೆಂದು ಹುಳಿಯಾಗುತ್ತಿತ್ತು. ಯಾವ ಚೀಲ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಒಂದು ತಿಂಗಳು ಬರೆದಿಟ್ಟು, ಎರಡನೇ ವರ್ಷ ದೂರದ ಪಟ್ಟೆಯನ್ನು ಬೆಳಿಗ್ಗೆಯೇ ಕುಯ್ಯಿಸಿ, ದಿನಕ್ಕೆ ಎರಡು ಸಲ ಪಲ್ಪರ್ ಓಡಿಸಿದಳು. ಆಳುಗಳ ಮೇಸ್ತ್ರಿ, "ಓದಿದ ಮಗೀಗೆ ತೋಟ ಏನ್ ಗೊತ್ತು" ಅಂತ ಆಡಿಕೊಂಡಿದ್ದವನು, ಕೊನೆಗೆ ತಾನೇ ಗಂಟೆ ನೋಡಿ ಚೀಲ ಇಳಿಸುತ್ತಿದ್ದನಂತೆ. ಒಂದೇ ಮನೆಯಲ್ಲಿದ್ದೂ ಇದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ.

"ಇದನ್ಯಾಕೆ ಬರೀಲಿಲ್ಲ?"

"ನಾನೇ ಬೇಡ ಅಂದೆ" ಎಂದೆ.

"ಅಲ್ಲ ಕಣಕ್ಕ! ಎಲ್ರೂ ಒಳ್ಳೆ ಬೀಜ ಮೇಲೆ ಹಾಕಿ ಜೊಳ್ಳು ತಳಕ್ಕೆ ತುಂಬ್ತಾರೆ. ಒಳ್ಳೇದನ್ನ ತಳಕ್ಕೆ ಹಾಕಿ ಜೊಳ್ಳು ಮೇಲೆ ತುಂಬಿದೋರ್ನ ಇವತ್ತೇ ಕಂಡಿದ್ದು ನಾನು."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಈಗ ಅವ್ಳಿಗೆ ಸೀಟು ಸಿಕ್ತದಾ ಇಲ್ವಾ, ಅದು ಹೇಳಿ ಮಾರಾಯ್ರೆ."

ಬೀಜದ ದರ್ಜೆ ಹೇಳುವ ದನಿಯಲ್ಲೇ ಹೇಳಿದರು. "ಇಂಜಿನಿಯರ್‌ಗಳು ಲಾರಿಗಟ್ಲೆ ಬರ್ತಾರೆ ಅಲ್ಲಿಗೆ. ಮಾರ್ಕ್ಸ್ ಎಲ್ರಿಗೂ ಐತೆ. ಇವ್ಳನ್ನೇ ಯಾಕೆ ತಗೋಬೇಕು? ಈ ಫಾರಂ ಕಳ್ಸಿದ್ರೆ ಮೂರೂ ಇಲ್ಲ. ಪಲ್ಪರ್ ಬರೆದ್ರೆ, ಮೊದಲ್ನೇದು ಆಗ್ಲೂ ಆಗಲ್ಲ, ಅವ್ರು ಎಸೆಸೆಲ್ಸಿಯಿಂದ ಮಾರ್ಕ್ಸ್ ಜರಡಿ ಹಿಡೀತಾರೆ, ಇವ್ಳಿಗೆ ಪಿಯುಸಿಲಿ ಕಮ್ಮಿ ಐತೆ. ಎರಡನೇದು ಅರ್ಧಕ್ಕರ್ಧ. ಮೂರನೇದು ಸಿಕ್ಕೇ ಸಿಕ್ತದೆ."

"ಕೆಡಿಸಿದ್ದನ್ನೂ ಬರೀಬೇಕಾ ತಾತ?"

"ಅದನ್ನೇ ಮೊದ್ಲು ಬರಿ. ಕೆಡಿಸ್ದೋಳೇ ಸರಿ ಮಾಡಿದ್ದು ಅಂತ ಗೊತ್ತಾಗ್ಲಿ."

ಅದೇ ಜಗಲಿಯಲ್ಲಿ ಕೂತು ಮೊಮ್ಮಗಳು ಇನ್ನೊಂದು ಫಾರಂ ಬರೆದಳು. ದೊಡ್ಡ ದೊಡ್ಡ ಇಂಗ್ಲಿಷ್ ಪದಗಳನ್ನೆಲ್ಲ ಅವರು ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದರು.

ಎರಡನೇ ಸ್ಕೂಲಿನ ಸಂದರ್ಶನ ಮುಗಿಸಿ ಹುಡುಗಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು. "ಅಜ್ಜೀ, ಬರೀ ಪಲ್ಪರ್ ಬಗ್ಗೇನೇ ಕೇಳಿದ್ರು! ಮೇಸ್ತ್ರಿ ಹೆಂಗೆ ಒಪ್ಪಿದ ಅಂತ ಮೂರು ಮೂರು ಸಲ ಕೇಳಿದ್ರು!"

ಮೊದಲನೆಯವರು ಇಲ್ಲ ಅಂದರು. ಎರಡನೆಯವರು ಬಾ ಅಂದರು, ಮೂರನೆಯವರೂ ಬಾ ಅಂದರು. ಎರಡನೆಯವರ ಕಾಗದ ಬಂದ ದಿನ ನಾನು ಚಪ್ಪಲಿಯನ್ನೂ ಮೆಟ್ಟದೆ ಅವರ ಮನೆಗೆ ಓಡಿದೆ. ಕಾಗದವನ್ನು ಎರಡು ಸಲ ಓದಿದರು. "ಅರ್ಧಕ್ಕರ್ಧ ಅಂದಿದ್ದೆ. ಮಗು ಪೂರ್ತಿ ಮಾಡ್ಬುಟ್ಲು" ಎಂದು ಕನ್ನಡಕ ಒರೆಸಿಕೊಂಡರು. ಅವತ್ತು ಬೆಲ್ಲದ ಕಾಫಿ ನಾನೇ ಅವರ ಅಡಿಗೆಮನೆಗೆ ನುಗ್ಗಿ ಮಾಡಿದೆ.

ಅವಳ ಓದು ಮುಗಿಯುವ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮೊಮ್ಮಗಳು ಪರೀಕ್ಷೆ ನಡುವೆ ರೈಲು, ಬಸ್ಸು ಹಿಡಿದು ಹನ್ನೊಂದನೇ ದಿನಕ್ಕೆ ಬಂದು ಎಲ್ಲರಿಗೂ ಬಡಿಸಿದಳು. ಅವರ ಮನೆಮಗಳ ಹಾಗೆ.

ಈಗ ಆಲೂರಿಂದ ಪಾಳ್ಯದವರೆಗೆ ಯಾರ ಮನೆಯ ಇಂಜಿನಿಯರ್ ಮಕ್ಕಳಿಗೆ ಕರೆ ಬಂದರೂ ಫಾರಂ ಹಿಡಿದು ನಮ್ಮ ಮನೆಗೆ ಬರುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ಹಿಂಜರಿಯುವುದಿಲ್ಲ. ಫಾರಂ ಪಕ್ಕಕ್ಕಿಟ್ಟು ಕೇಳುತ್ತೇನೆ: "ಮನೇಲಿ ನಿಂಗೆ ಏನನ್ನ ಬರೀಬೇಡ ಅಂದ್ರು? ಮೊದ್ಲು ಅದು ಹೇಳಪ್ಪ."

ಮಕ್ಕಳು ಮೆಲ್ಲಗೆ ಜೊತೆಗೆ ಬಂದ ಅಮ್ಮನ ಮುಖ ನೋಡುತ್ತವೆ.