ತವರಿನ ಅಂಗಳಕ್ಕೆ ಒಂದು ಬ್ಯಾಟರಿ

ಪುತ್ತೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು ಇಪ್ಪತ್ತೆಂಟು ವರ್ಷ ಸುಟ್ಟ ಪಂಪುಗಳನ್ನು ಬಿಚ್ಚಿದವನು ನಾನು. ಕರೆಂಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಅಭಿಪ್ರಾಯ ನನ್ನಲ್ಲಿ ಬಲವಾಗಿತ್ತು. ಆದ್ದರಿಂದ ಒಂದು ಹಳೆಯ ಶಾಲಾ ವ್ಯಾನ್ ಕೊಂಡು, ಸೀಟುಗಳನ್ನು ಕಿತ್ತು, ಒಳಗೆ ಮಂಚ ಹಾಕಿ, ಟಾಪಿನ ಮೇಲೆ ಸೋಲಾರ್ ಕೂರಿಸುವ ಕೆಲಸವನ್ನು ಯಾರನ್ನೂ ಕೇಳದೆ ಶುರುಮಾಡಿದೆ.

ಊರಿನವರಿಗೆ ಇದು ಕ್ಯಾಂಪಿಂಗ್ ಎಂದು ಹೇಳಿದ್ದೆ. ಅಂಗಡಿಗೆ ಬಂದವರು, "ಮನೆ ಉಂಟಲ್ಲ ಮಾರಾಯ್ರೆ, ವ್ಯಾನಲ್ಲಿ ಮಲಗುದು ಎಂತಕ್ಕೆ?" ಎಂದು ಕೇಳುತ್ತಿದ್ದರು. ಪ್ರಕೃತಿ ನೋಡಲಿಕ್ಕೆ ಎನ್ನುತ್ತಿದ್ದೆ. ನಿಜವಾದ ಕಾರಣ ನನ್ನ ಹೆಂಡತಿಯ ಉಸಿರಿನ ಮಿಶಿನ್. ನಿದ್ದೆಯಲ್ಲಿ ಅವಳ ಉಸಿರು ಆಗಾಗ ನಿಲ್ಲುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೊಳವೆಯಲ್ಲಿ ಗಾಳಿ ಊದುವ ಸಣ್ಣ ಮಿಶಿನ್ ಹಾಕಿಕೊಂಡೇ ಮಲಗಬೇಕು ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವಳು ಕೊಲ್ಲಮೊಗ್ರಿನ ತವರುಮನೆಯಲ್ಲಿ ಒಂದು ರಾತ್ರಿಯೂ ನಿಂತಿರಲಿಲ್ಲ. ಅದು ಕಾಡಿನ ಅಂಚು. ಗಾಳಿ ಬೀಸಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಬರುವುದು ಎರಡು ದಿನ ಕಳೆದು. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಉಂಡು, ಸಂಜೆಯ ಬಸ್ಸಿಗೆ ಹಿಂದಿರುಗುವಾಗ ಕಡಬ ದಾಟುವವರೆಗೂ ಅವಳು ಮಾತಾಡುತ್ತಿರಲಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ನೋಡಲಾಗದ್ದಕ್ಕೆಲ್ಲ ನನಗೆ ಗೊತ್ತಿರುವ ಮದ್ದು ವೈರಿಂಗ್ ಒಂದೇ.

ನೋಟುಪುಸ್ತಕದಲ್ಲಿ ಲೋಡಿನ ಪಟ್ಟಿ ಮಾಡಿದೆ. ಮಿಶಿನ್ ಎಂಟು ಗಂಟೆ, ಸಣ್ಣ ಫ್ಯಾನ್ ಎಂಟು ಗಂಟೆ, ಒಂದು ದೀಪ, ಎರಡು ಮೊಬೈಲು. ಮಿಕ್ಸಿ ಬರೆದು ಹೊಡೆದುಹಾಕಿದೆ, ತವರಿಗೆ ಹೋದವಳು ಅಲ್ಲಿ ಕಾಯಿ ಕಡೆಯಬೇಕಾಗಿಲ್ಲ. ಬ್ಯಾಟರಿ ತುಂಬಿದ್ದರೆ ಎರಡು ರಾತ್ರಿಗೆ ಬರಬೇಕು, ಹಗಲಿನ ಬಿಸಿಲು ಅದನ್ನು ಮತ್ತೆ ತುಂಬಬೇಕು ಎಂದು ಲೆಕ್ಕ. ವ್ಯಾನಿನ ಎಂಜಿನ್ನಿನಿಂದಲೂ ಚಾರ್ಜ್ ಆಗುವ ಹಾಗೆ ಮಾಡಬಹುದಿತ್ತು. ಇಷ್ಟು ಬಿಸಿಲಿರುವ ಊರಿನಲ್ಲಿ ಡೀಸೆಲ್ ಸುಡುವುದು ಮೂರ್ಖತನ ಎಂದು ಬಿಟ್ಟವನು ನಾನೇ. ಕೆಲಸ ಮುಗಿದ ಮೇಲೆ ನಮ್ಮದೇ ಅಂಗಳದಲ್ಲಿ ಮೂರು ರಾತ್ರಿ ವ್ಯಾನಿನಲ್ಲಿ ಮಲಗಿ ಪರೀಕ್ಷೆ ಮಾಡಿದೆವು. ನಾಲ್ಕನೆಯ ದಿನ ಪಕ್ಕದ ಮನೆಯವರು ಬಂದು, ಮನೆಯೊಳಗೆ ಹಾವು ಏನಾದರೂ ಉಂಟಾ ಎಂದು ವಿಚಾರಿಸಿದರು.

ಏಪ್ರಿಲಿನ ಒಂದು ಶನಿವಾರ ಕೊಲ್ಲಮೊಗ್ರಿಗೆ ಹೋದೆವು. ಹೆಂಡತಿಯ ಅಣ್ಣ ಗೇಟಿನ ಹತ್ತಿರವೇ ಕಾಯುತ್ತಿದ್ದ. "ಹಲಸಿನ ಮರದ ಅಡಿಯಲ್ಲಿ ನಿಲ್ಲಿಸಿ ಭಾವ, ಒಳ್ಳೆ ನೆರಳುಂಟು" ಎಂದ. ನನಗೆ ಬಿಸಿಲೇ ಬೇಕು ಎಂದೆ. ಬಂದವರ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿದರೆ ಮನೆಯವರ ಮರ್ಯಾದೆ ಏನಾಗಬೇಕು? ಅವನ ಮುಖ ಸಣ್ಣದಾಯಿತು. ಆದರೂ ನಾನು ಅಂಗಳದ ತುದಿಗೆ, ನೇರ ಕಡಿದ ಮಣ್ಣಿನ ದರೆಯ ಬುಡಕ್ಕೆ ಒತ್ತಿ ನಿಲ್ಲಿಸಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ ಅದೊಂದೇ. ದರೆಯ ಮೇಲೆ ಮನೆಯ ಮೇಲಂಗಳ. ವ್ಯಾನಿನ ಟಾಪು ಸರಿಯಾಗಿ ಅದರ ಮಟ್ಟಕ್ಕೆ ಬರುತ್ತಿತ್ತು.

ಸಂಜೆಯ ಗಾಳಿಗೆ ಎಂದಿನಂತೆ ಕರೆಂಟು ಹೋಯಿತು. ನನಗೆ ಖುಷಿಯಾಯಿತು. ವ್ಯಾನಿನ ಬಾಗಿಲು ಹಾಕಿಕೊಂಡು ಹೆಂಡತಿ ಬೆಳಗಿನವರೆಗೆ ಸುಖವಾಗಿ ಮಲಗಿದಳು. ಬೆಳಿಗ್ಗೆ ತಿಂಡಿ ಬಡಿಸುವಾಗ ಅತ್ತೆ ನನ್ನ ಮುಖ ನೋಡಲಿಲ್ಲ. ಅದಕ್ಕೆ ನಾನು ಹೆಚ್ಚು ಬೆಲೆ ಕೊಡಲಿಲ್ಲ.

ತಿಂಡಿ ಆದ ಮೇಲೆ ಭಾವನ ಜೊತೆ ಅವನ ಜೀಪಿನಲ್ಲಿ ಸುಬ್ರಹ್ಮಣ್ಯದ ಪೇಟೆಗೆ ಹೋಗಿ, ಮೂರು ಗಂಟೆಗೆ ಬಂದು ಬ್ಯಾಟರಿಯ ಮೀಟರ್ ನೋಡಿದೆ. ಶೇಕಡಾ ತೊಂಬತ್ತು ದಾಟಿರಬೇಕಿತ್ತು. ಮೂವತ್ತೆಂಟು ಇತ್ತು, ಹೊರಡುವಾಗ ಪೂರ್ತಿ ತುಂಬಿರದ ಬ್ಯಾಟರಿ ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ. ಒಂದು ರಾತ್ರಿಗೆ ನಲವತ್ತೈದಾದರೂ ಬೇಕು, ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಟೆಸ್ಟರ್ ಹಿಡಿದು ಮಂಚದ ಅಡಿಗೆ ನುಗ್ಗಿ ಅರ್ಧ ಗಂಟೆ ಫ್ಯೂಸು, ಕನೆಕ್ಷನ್ ಎಲ್ಲ ನೋಡಿದೆ. ಎಲ್ಲವೂ ಸರಿಯಾಗಿತ್ತು. ನನ್ನ ಕೆಲಸದಲ್ಲಿ ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಮೇಲಂಗಳಕ್ಕೆ ಹತ್ತಿದೆ.

ಟಾಪಿನ ಎರಡೂ ಸೋಲಾರ್ ಪ್ಯಾನೆಲಿನ ಮೇಲೆ ಬಿಳಿ ಪಂಚೆ ಹಾಸಿ, ಹಲಸಿನ ಹಪ್ಪಳ ಸಾಲಾಗಿ ಒಣಹಾಕಿತ್ತು. ಪಕ್ಕದಲ್ಲಿ ಅತ್ತೆ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದರು.

"ಇದರ ಮೇಲೆ ಎಂತಕ್ಕೆ ಹಾಕಿದ್ದು ಅತ್ತೆ?"

"ನಾನು ಹಪ್ಪಳ ಹಾಕುವ ಜಾಗದಲ್ಲಿ ನಿಮ್ಮ ವ್ಯಾನ್ ಉಂಟಲ್ಲ. ಇದು ಲಾಯಕ್ ಬಿಸಿ ಆಗ್ತದೆ. ನಾಯಿ ಕೋಳಿ ಹತ್ತುದಿಲ್ಲ."

ತರ್ಕದಲ್ಲಿ ಲೋಪವಿರಲಿಲ್ಲ. "ಇದಕ್ಕೆ ಬಿಸಿಲು ಬಿದ್ದರೆ ಮಾತ್ರ ರಾತ್ರಿ ಇವಳ ಉಸಿರಿನ ಮಿಶಿನ್ ಓಡುದು" ಎಂದೆ.

"ಎಂತ ಮಿಶಿನ್?"

ಕೆಳಗೆ ಅಂಗಳದಲ್ಲಿ ನಿಂತಿದ್ದ ಹೆಂಡತಿ ತಲೆ ತಗ್ಗಿಸಿದಳು. ನಾಲ್ಕು ವರ್ಷದಲ್ಲಿ ಅವಳು ತಾಯಿಗೆ ಈ ವಿಷಯ ಹೇಳಿಯೇ ಇರಲಿಲ್ಲ. ನಾನು ಹೇಳಿದೆ. ಅತ್ತೆ ಕೋಲು ಕೆಳಗಿಟ್ಟರು.

"ನೀವು ಅವಳನ್ನು ಒಂದು ರಾತ್ರಿಯೂ ಇಲ್ಲಿ ನಿಲ್ಲಲಿಕ್ಕೆ ಬಿಡುದಿಲ್ಲ ಅಂತ ಹೇಳಿದ್ಳು. ನಾಲ್ಕು ವರ್ಷದಿಂದ ನಾನು ನಿಮಗೆ ಬೈತಾ ಇದ್ದೇನೆ" ಎಂದರು.

ಪರವಾಗಿಲ್ಲ ಎಂದೆ. ಪಂಚೆ ಸಮೇತ ಹಪ್ಪಳಗಳನ್ನು ಎತ್ತಿ ಪಕ್ಕಕ್ಕಿಟ್ಟೆ. ಕೆಳಗೆ ಬಂದು, ಯಾಕೆ ಮುಚ್ಚಿಟ್ಟದ್ದು ಎಂದು ಹೆಂಡತಿಯನ್ನು ಕೇಳಿದೆ. ಕೋಪ ಬಂದಿತ್ತು, ಅಡಗಿಸಲಿಲ್ಲ.

"ಅಪ್ಪನಿಗೆ ಕೊನೆಗೆ ಆಸ್ಪತ್ರೆಯಲ್ಲಿ ಇಂಥದ್ದೇ ಕಟ್ಟಿದ್ರಲ್ಲ" ಎಂದಳು. "ಹದಿನಾಲ್ಕು ದಿನ ಅಮ್ಮ ಅದನ್ನೇ ನೋಡ್ತಾ ಕೂತದ್ದು. ಇನ್ನು ನನ್ನ ಮುಖದಲ್ಲಿಯೂ ನೋಡುದು ಬೇಡ ಅಂತ."

ಆ ಆಸ್ಪತ್ರೆಯಲ್ಲಿ ನಾನೂ ಇದ್ದೆ. ಮಾವನ ತಲೆಯ ಹತ್ತಿರವಿದ್ದ ಮಿಶಿನ್ ಎಷ್ಟು ವ್ಯಾಟಿನದು ಎಂದು ಬಗ್ಗಿ ನೋಡಿದ್ದು ನೆನಪಿತ್ತು. ಮುಖ ನೆನಪಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬಂದು ವ್ಯಾನಿನೊಳಗೆ ಹತ್ತಿದರು. ದಿಂಬಿನ ಪಕ್ಕದಲ್ಲಿದ್ದ ಮಾಸ್ಕನ್ನು ಕೈಗೆ ತೆಗೆದುಕೊಂಡು, ಅದರ ರಬ್ಬರಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು.

"ನೋವಾಗ್ತದಾ?"

"ಇಲ್ಲ ಅಮ್ಮ."

"ಹಾಕಿಕೊಂಡು ಮಲಗು. ನಾನು ನೋಡ್ಬೇಕು."

ಪ್ಯಾನೆಲಿಗೆ ಆಗ ಬಿಸಿಲು ಬೀಳತೊಡಗಿತ್ತು. ಸೂರ್ಯ ಗುಡ್ಡದ ಹಿಂದೆ ಹೋಗುವುದರೊಳಗೆ ಹತ್ತು ಏರಿದರೆ ನಲವತ್ತೆಂಟು, ರಾತ್ರಿ ಕಳೆಯಲು ಸಾಕು, ಹಗಲು ಮಿಶಿನ್ ಹಾಕದಿದ್ದರೆ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಮಾಸ್ಕ್ ಕಟ್ಟಿ ಮಲಗಿಯಾಗಿತ್ತು. ಮಂಚದ ಅಂಚಿನಲ್ಲಿ ಕೂತ ಅತ್ತೆ ಅವಳ ಹಣೆಯ ಮೇಲೆ ಕೈಯಿಟ್ಟರು. ತೋರಿಸಲೆಂದು ಮಲಗಿದವಳಿಗೆ ಹತ್ತು ನಿಮಿಷದಲ್ಲಿ ನಿಜವಾಗಿ ನಿದ್ದೆ ಬಂತು.

ಮುಕ್ಕಾಲು ಗಂಟೆಯಾಯಿತು. ಬಿಸಿಲು ಕೊಟ್ಟದ್ದನ್ನೆಲ್ಲ ಮಿಶಿನ್ನೂ ಫ್ಯಾನೂ ತಿನ್ನುತ್ತಿದ್ದವು, ಮೀಟರ್ ಮೂವತ್ತೆಂಟರಿಂದ ಮೇಲೇರುತ್ತಿರಲಿಲ್ಲ. ನಾನು ಮೀಟರಿನ ಕಡೆ ಕೈ ತೋರಿಸಿ, ಎಬ್ಬಿಸುವುದಾ ಎಂದು ಸನ್ನೆ ಮಾಡಿದೆ. ಅತ್ತೆ ಮಗಳ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದರು.

"ಮಲಗಲಿ" ಎಂದರು ಮೆಲ್ಲಗೆ. "ಇವಳಪ್ಪ ಅದನ್ನು ಎಳೆದು ಎಳೆದು ತೆಗೀತಿದ್ರು. ಒಮ್ಮೆಯೂ ಹೀಗೆ ನಿದ್ದೆ ಮಾಡ್ಲಿಲ್ಲ."

ನಾನು ಫ್ಯಾನಿನ ಸ್ವಿಚ್ ಆರಿಸಿದೆ. ಅತ್ತೆ ಸೆರಗಿನ ತುದಿಯಿಂದ ಮಗಳಿಗೆ ಗಾಳಿ ಹಾಕತೊಡಗಿದರು.